ಒಂದು ಬಿಗುಮಾನ ಅಳಿಯಂದಿರು

ದನಗಳಾದರೆ ಹಿಂಡು, ಕುರಿಗಳಾದರೆ ಮಂದೆ. ಬಾಳೆಗೆ ಗೊನೆ, ದ್ರಾಕ್ಷಿಗೆ ಗೊಂಚಲು, ಹುಲ್ಲಿಗೆ ಹೊರೆ, ನೋಟಿಗೆ ಕಂತೆ, ಇರುವೆಗೆ ಸಾಲು. ಹತ್ತು ಮಾವಿನ ಮರಗಳು ಕೂಡಿ ನಿಂತರೆ ತೋಪು, ಬಿದಿರು ಕೂಡಿ ನಿಂತರೆ ಮೆಳೆ. ಇಷ್ಟೆಲ್ಲಕ್ಕೂ ನಮ್ಮ ಹಿರಿಯರು ಹೆಸರಿಟ್ಟು ಹೋಗಿದ್ದಾರೆ. ಆದರೆ ರೈಲು ನಿಲ್ದಾಣದಲ್ಲಿ ಒತ್ತೊತ್ತಾಗಿ ನಿಂತು, ಒಬ್ಬರ ಮುಖವನ್ನೊಬ್ಬರು ನೋಡದೆ, ಅಂಗೈಯಲ್ಲಿನ ಮೊಬೈಲಿಗೆ ತಲೆ ಬಾಗಿಸಿದ ಐವತ್ತು ಜನರಿರುತ್ತಾರಲ್ಲ, ಅವರನ್ನು ಏನೆಂದು ಕರೆಯೋಣ? ಗುಂಪು ಎನ್ನೋಣವೇ? ಗುಂಪೆನ್ನಬೇಕಾದರೆ ಅವರವರ ನಡುವೆ ಒಂದಿಷ್ಟಾದರೂ ಮಾತುಕತೆ ಇರಬೇಡವೇ?

ನಮ್ಮ ಮನೆಯ ಮಕ್ಕಳು ಇದಕ್ಕೊಂದು ಹೆಸರು ಕಂಡುಹಿಡಿದಿದ್ದಾರೆ: ‘ತೆನೆಹೊಲ’. ಒಂದು ತೆನೆಹೊಲ ಪ್ರಯಾಣಿಕರು. ಕಾಳು ತುಂಬಿದ ಜೋಳದ ತೆನೆ ತಲೆ ಬಾಗುತ್ತದೆ, ಇವರೂ ಬಾಗಿದ್ದಾರೆ. ಕಾಳು ತುಂಬಿದೆಯೋ ಇಲ್ಲವೋ ಎಂಬುದು ಬೇರೆ ಮಾತು.

ನಾವಿರುವುದು ಧಾರೂರಿನಲ್ಲಿ. ವಿಕಾರಾಬಾದಿನಿಂದ ತಾಂಡೂರಿನ ಕಡೆಗೆ, ವಾಡಿಯ ದಾರಿಯಲ್ಲಿ ಬರುವ ಚಿಕ್ಕ ನಿಲ್ದಾಣ ನಮ್ಮದು. 1874ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ತೆರೆದ ಹಳಿಗಳ ಮೇಲೆ ನಮ್ಮ ನೆಂಟಸ್ತಿಕೆಗಳೆಲ್ಲ ನಡೆದುಬಂದಿವೆ. ಒಂದು ದಿಕ್ಕಿಗೆ ಹೈದರಾಬಾದು, ಇನ್ನೊಂದು ದಿಕ್ಕಿಗೆ ಸೇಡಂ, ಕಲಬುರಗಿ. ಬೇಸಿಗೆಯ ರಜೆ ಬಂತೆಂದರೆ ಎರಡೂ ದಿಕ್ಕಿನಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಹಗಲೆಲ್ಲ ಬಿಸಿಲು, ಹೊರಗೆ ಹೋಗುವಂತಿಲ್ಲ. ಸೂರ್ಯ ಮುಳುಗುವ ಮುನ್ನವೇ ಊಟ ಮುಗಿಸುವ ಮನೆಯಾದ್ದರಿಂದ ಸಂಜೆಯೂ ಬಹಳ ಉದ್ದ. ಅಂಥ ಸಂಜೆಗಳಲ್ಲಿ ಈ ಹೆಸರಿಡುವ ಆಟ ಬೆಳೆಯಿತು. ಈಗಿನ ಕಾಲದ ಒಂದೊಂದು ಗುಂಪಿಗೆ ಒಂದೊಂದು ಹೊಸ ಪದ ಕೊಡಬೇಕು. ಕೇಳಿದ ತಕ್ಷಣ ಆ ಗುಂಪು ಕಣ್ಣಿಗೆ ಕಟ್ಟಬೇಕು.

ಕನ್ನಡಕ್ಕೆ ಇದೇನೂ ಹೊರಗಿನ ವಿದ್ಯೆಯಲ್ಲ. ನಾವು ಶಾಲೆಯಲ್ಲಿ ಕಲಿತ ವ್ಯಾಕರಣದಲ್ಲಿ ಇಂಥ ಪದಗಳಿಗೆ ಬೇರೆ ಕೋಣೆ ಕಟ್ಟಿರಲಿಲ್ಲ, ನಿಜ. ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳ ಬಾಯಿಪಾಠದಲ್ಲಿ ಹಿಂಡು ಮಂದೆಗಳು ಎಲ್ಲಿಯೋ ಮೂಲೆಯಲ್ಲಿದ್ದವು. ಆದರೆ ಹೊಲದಲ್ಲಿ, ಕಣದಲ್ಲಿ, ಸಂತೆಯಲ್ಲಿ ಅವುಗಳದೇ ರಾಜ್ಯ. ಕೊಯ್ದ ಜೋಳದ ಕಣಿಕೆ ಕೈಯಲ್ಲಿ ಕಟ್ಟಿದರೆ ಸೂಡು, ಒಟ್ಟಿದರೆ ಬಣವಿ. ತೊಗರಿ ಕಾಳು ಕಣದಲ್ಲಿ ರಾಶಿ, ಅದರ ಕಟ್ಟಿಗೆ ತಲೆಯ ಮೇಲೆ ಹೊರೆ. ಗಮನಿಸಿ ನೋಡಿದರೆ ಇವೆಲ್ಲ ಕೈ ಇಟ್ಟ ಹೆಸರುಗಳು. ಕಟ್ಟಿದ್ದು ಕಟ್ಟು, ಹೊತ್ತದ್ದು ಹೊರೆ. ಕೆಲಸ ಮಾಡಿದವರು ಹೆಸರಿಟ್ಟರು. ಮೊಬೈಲು ನೋಡುವವರನ್ನು ಯಾರೂ ಕಟ್ಟಲಿಲ್ಲ, ಹೊರಲಿಲ್ಲ. ಅದಕ್ಕೇ ಅವರು ಇಷ್ಟು ದಿನ ಹೆಸರಿಲ್ಲದೆ ಉಳಿದರೆಂದು ತೋರುತ್ತದೆ.

ನಮ್ಮ ಕಡೆ ಒಂದು ಹೆಚ್ಚಿನ ಅನುಕೂಲವಿದೆ, ಅಥವಾ ಫಜೀತಿ ಎನ್ನಿ. ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಹಿಂದೆ ಗುಲ್ಬರ್ಗ ಜಿಲ್ಲೆಯವು. ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯವು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಮೂರು ಪಾಲಾದಾಗ ಈ ಭಾಗಗಳು ಆಂಧ್ರದ ಕಡೆ ಉಳಿದವು, 2014ರಲ್ಲಿ ತೆಲಂಗಾಣವಾಯಿತು. ಗೆರೆ ಅತ್ತಿತ್ತ ಸರಿದರೂ ಸಂತೆ ಮಾತ್ರ ಸರಿಯಲಿಲ್ಲ. ತಾಂಡೂರಿನ ಸಂತೆಯಲ್ಲಿ ಮೆಂತ್ಯೆ ಸೊಪ್ಪಿನ ಒಂದೇ ಕಟ್ಟು ಕನ್ನಡದವರಿಗೆ ಪೆಂಡಿ, ತೆಲುಗರಿಗೆ ಕಟ್ಟ, ಮರಾಠಿಯವರಿಗೆ ಜುಡಿ, ದಖ್ಖನಿ ಉರ್ದುವಿನವರಿಗೆ ಗಡ್ಡಿ. ಒಮ್ಮೆ ನಮ್ಮ ಸೋದರತ್ತೆ ಕೊತ್ತಂಬರಿ ಕೇಳಿದಾಗ ಮಾರುವಾತ ‘ಕಿತ್ತೀ ಗಡ್ಡಿ ಅಮ್ಮಾ?’ ಎಂದ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, ‘ಅಯ್ಯ, ನಾವು ಜೈನರಪಾ, ನಮ್ಮ ಮನ್ಯಾಗ ಗಡ್ಡಿ ತಿನ್ನಂಗಿಲ್ಲ’ ಎಂದರು! ಆತ ಕೈಯಲ್ಲಿದ್ದ ಹಸಿರು ಸೊಪ್ಪನ್ನೂ ಅತ್ತೆಯ ಮುಖವನ್ನೂ ಸರದಿಯಂತೆ ನೋಡಿದ. ಉಳ್ಳಾಗಡ್ಡಿ ಯಾವುದು, ಕೊತ್ತಂಬರಿ ಗಡ್ಡಿ ಯಾವುದು ಎಂದು ಬಿಡಿಸಿ ಹೇಳುವಷ್ಟರಲ್ಲಿ ನಾಲ್ಕು ಭಾಷೆಯ ಹತ್ತು ಜನ ಸೇರಿದ್ದರು.

ಸಂಸ್ಕೃತದವರಂತೂ ಈ ವಿಷಯದಲ್ಲಿ ಬಲು ಉದಾರಿಗಳು. ಅಮರಕೋಶವನ್ನು ತೆರೆದರೆ ಪಾರಿವಾಳಗಳ ಗುಂಪಿಗೆ ಕಾಪೋತ, ಗಿಳಿಗಳ ಗುಂಪಿಗೆ ಶೌಕ, ನವಿಲುಗಳ ಗುಂಪಿಗೆ ಮಾಯೂರ ಎಂದು ಬೇರೆ ಬೇರೆ ಪದಗಳಿವೆ. ಗರ್ಭಿಣಿಯರ ಗುಂಪಿಗೂ ‘ಗಾರ್ಭಿಣ’ ಎಂಬ ಒಂದು ಪದವುಂಟು. ಆ ಕಾಲದಲ್ಲಿ ಗರ್ಭಿಣಿಯರು ಎಲ್ಲಿ ಗುಂಪುಗೂಡುತ್ತಿದ್ದರೋ ತಿಳಿಯದು. ಇಂದಾದರೆ ಸರಕಾರಿ ಆಸ್ಪತ್ರೆಯ ಹೊರಗಿನ ಬೆಂಚನ್ನು ತೋರಿಸಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಪಶುಗಳ ಗುಂಪು ‘ಸಮಜ’, ಉಳಿದವರ ಗುಂಪು ‘ಸಮಾಜ’. ಪಶುವಿಗೂ ನಮಗೂ ನಡುವೆ ಇರುವುದು ಒಂದು ದೀರ್ಘ ಮಾತ್ರ. ಸಮಾರಂಭಗಳಲ್ಲಿ ಊಟಕ್ಕೆ ಬಾಗಿಲು ತೆರೆದ ಗಳಿಗೆಯಲ್ಲಿ ಆ ದೀರ್ಘವು ಹ್ರಸ್ವವಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಪಾಣಿನಿಯ ಸೂತ್ರದಂತೆ ಗ್ರಾಮ, ಜನ, ಬಂಧು ಎಂಬ ಪದಗಳಿಗೆ ‘ತಾ’ ಹಚ್ಚಿದರೆ ಅವುಗಳ ಸಮೂಹವಾಗುತ್ತದೆ. ಹಾಗಾಗಿ ‘ಜನತಾ’ ಎಂಬುದು ಅಪ್ಪಟ ಸಮೂಹವಾಚಕ. 1977ರಲ್ಲಿ ಒಂದು ಪಕ್ಷ ಆ ಹೆಸರನ್ನು ಇಟ್ಟುಕೊಂಡಿತು. ಮುಂದೆ ಅದು ಎಷ್ಟು ಹೋಳಾಯಿತೆಂದರೆ ಸಮೂಹವಾಚಕಕ್ಕೇ ಬಹುವಚನ ಹುಡುಕಬೇಕಾಯಿತು.

ಇಂಗ್ಲಿಷರ ಕಥೆ ಬೇರೆ. 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಇಂಥ ಪದಗಳ ಉದ್ದನೆಯ ಪಟ್ಟಿಯಿದೆ. ಕಾಗೆಗಳ ಗುಂಪಿಗೆ ‘ಕೊಲೆ’ ಎಂಬರ್ಥದ ಪದ, ಬಾನಾಡಿಗಳಿಗೆ ‘ಮೇಲೇರಿಕೆ’ ಎಂಬಂಥ ಪದ. ಪಟ್ಟಿ ಮುಂದುವರಿದಂತೆ ಪ್ರಾಣಿಗಳನ್ನು ಬಿಟ್ಟು ಮನುಷ್ಯರಿಗೂ ಬಂದು, ಸನ್ಯಾಸಿನಿಯರನ್ನೂ ನ್ಯಾಯಾಧೀಶರನ್ನೂ ಬಿಡದೆ ತಮಾಷೆ ಮಾಡುತ್ತದೆ. ಅಂದರೆ ಈ ಆಟಕ್ಕೆ ಐನೂರು ವರ್ಷ ಮೀರಿದ ವಯಸ್ಸಾಯಿತು. ಆದರೆ ಅದು ಹುಟ್ಟಿದ್ದು ಬೇಟೆಗಾರರ ನಡುವೆ. ಯಾವ ಪ್ರಾಣಿಗೆ ಯಾವ ಪದವೆಂದು ತಿಳಿದವನೇ ಕುಲೀನ ಬೇಟೆಗಾರನೆಂದು ಅಲ್ಲಿಯ ಲೆಕ್ಕ. ನಮ್ಮದು ಕಣದಲ್ಲಿ, ಕೊಟ್ಟಿಗೆಯಲ್ಲಿ ಹುಟ್ಟಿದ ವಿದ್ಯೆಯೆಂಬುದು ನನಗೆ ಸಮಾಧಾನದ ಸಂಗತಿ.

ಇನ್ನು ನಮ್ಮ ಮುನಿಸಂಘಗಳ ಹೆಸರುಗಳನ್ನು ನೋಡಿ. ಶಾಸನಗಳಲ್ಲಿ ಮೂಲಸಂಘ, ದೇಸಿಗಣ, ಪುಸ್ತಕಗಚ್ಛ ಎಂದು ಓದುತ್ತೇವೆ. ಇನ್ನೊಂದು ಗಣದಲ್ಲಿ ತಿಂತ್ರಿಣೀಗಚ್ಛ ಬರುತ್ತದೆ. ತಿಂತ್ರಿಣಿ ಎಂದರೆ ಹುಣಸೆ. ಯಾಪನೀಯರಲ್ಲಿ ಪುನ್ನಾಗವೃಕ್ಷದ ಹೆಸರಿನ ಗಣವೇ ಇತ್ತು. ಒಂದು ಗುಂಪು ಪುಸ್ತಕದ ಹೆಸರಿನಿಂದ, ಇನ್ನೊಂದು ಮರದ ಹೆಸರಿನಿಂದ ಗುರುತಾಗುವುದೆಂದರೆ ಎಷ್ಟು ಚೆಲುವಾದ ಮಾತು! ನಮ್ಮ ದೊಡ್ಡ ಮೊಮ್ಮಗಳು ಇದನ್ನು ಕೇಳಿ, ‘ಹಂಗಾದ್ರ ನಮ್ಮದು ಚಾರ್ಜರ್ ಗಚ್ಛ, ಅಜ್ಜಾ’ ಎಂದಳು. ಅವಳ ಅಜ್ಜಿ ಕೈ ಜೋಡಿಸಿ ಬಸದಿಯ ಕಡೆ ನೋಡಿದರು.

ಆಟಕ್ಕೆ ನಿಯಮಗಳಿಲ್ಲದಿದ್ದರೆ ಜಗಳವಾಗುತ್ತದೆ. ಹಾಗಾಗಿ ನಿಯಮಗಳಾದವು. ಪದ ಮನೆಯ ಬಳಕೆಯದಾಗಿರಬೇಕು, ನಿಘಂಟಿನಿಂದ ಹೆಕ್ಕಿದ್ದಾಗಬಾರದು. ‘ಒಂದು ಹೊರೆ ಹುಲ್ಲು’ ಎಂದಂತೆ ‘ಒಂದು’ ಹಚ್ಚಿ ಹೇಳಿದರೆ ಕಿವಿಗೆ ಒಪ್ಪಬೇಕು. ಮೂರನೆಯದು ನನ್ನ ಮನೆಯವರ ನಿಯಮ: ‘ಯಾರಿಗೆ ಹೆಸರಿಡ್ತೀರೋ ಅವರ ಮುಂದ ಕೂಗಿ ಹೇಳೋ ಹಂಗಿರಬೇಕು.’ ಈ ಮೂರನೆಯ ಜರಡಿಯಲ್ಲಿ ಅರ್ಧಕ್ಕರ್ಧ ಪದಗಳು ಉದುರಿಹೋಗುತ್ತವೆ. ನಗೆಯ ಮಾತೂ ಹಿತವಾಗಿ ಮಿತವಾಗಿ ಇರಬೇಕೆಂದು ಅವರು ಕೇಳಿಬಂದ ಪ್ರವಚನಗಳ ಫಲವಿರಬೇಕು.

ಉಳಿದುಕೊಂಡವುಗಳಲ್ಲಿ ಕೆಲವನ್ನು ಹೇಳುತ್ತೇನೆ. ಸಾಫ್ಟ್‌ವೇರ್ ಎಂಜಿನಿಯರುಗಳ ಗುಂಪಿಗೆ ‘ಕಂತು’. ನಾನು ‘ಕಂತೆ’ ಎಂದು ಕೇಳಿಸಿಕೊಂಡು ತಲೆಯಾಡಿಸಿದ್ದೆ. ‘ಕಂತೆ ಅಲ್ಲ, ಕಂತು! ಮನಿ ಕಂತು, ಕಾರಿನ ಕಂತು, ಸೋಫಾದ ಕಂತು’ ಎಂದು ಹೇಳಿದವಳು ಅಂಥವನೊಬ್ಬನ ಕೈಹಿಡಿದ ನಮ್ಮ ಮಗಳೇ. ಸಮಿತಿಯ ಪದಾಧಿಕಾರಿಗಳಿಗೆ ‘ಮುಂದೂಡಿಕೆ’. ರಾಜಕೀಯ ಮುಖಂಡರಿಗೆ ‘ಫ್ಲೆಕ್ಸ್’, ಏಕೆಂದರೆ ಅವರು ಒಟ್ಟಿಗೆ ಇರುವುದು ಅದರ ಮೇಲೆ ಮಾತ್ರ. ವೈದ್ಯಕೀಯ ಪ್ರವೇಶ ಪರೀಕ್ಷೆ ನಡೆಯುವ ಕಾಲೇಜಿನ ಗೇಟಿನ ಹೊರಗೆ, ಬಿಸಿಲಿನಲ್ಲಿ, ನೀರಿನ ಬಾಟಲಿ ಹಿಡಿದು ಮೂರು ತಾಸು ನಿಲ್ಲುವ ತಂದೆತಾಯಂದಿರಿಗೆ ‘ತಳಮಳ’. ಬೆಳಗಾದರೆ ಸಾಕು ಹೂವಿನ ಚಿತ್ರದ ಮೇಲೆ ಸುಭಾಷಿತ ಬರೆದು ವಾಟ್ಸಾಪಿನಲ್ಲಿ ತಳ್ಳುವ ಬಂಧುಗಳಿಗೆ ‘ಶುಭೋದಯ’. ಒಂದು ಶುಭೋದಯ ಬೀಗರು! ವಿದೇಶದಲ್ಲಿರುವ ಮಕ್ಕಳಿಗೆ ‘ಹಗಲುರಾತ್ರಿ’. ಇದನ್ನಿಟ್ಟವರು ನಕ್ಕದ್ದು ಸ್ವಲ್ಪವೇ. ನನ್ನಂಥವರು ಸಂಜೆ ನಿಲ್ದಾಣದ ಬೆಂಚಿನ ಮೇಲೆ ಕೂಡುತ್ತೇವಲ್ಲ, ನಮಗೆ ‘ಕೆಮ್ಮು’. ಒಂದು ಕೆಮ್ಮು ತಾತಂದಿರು. ನಾನು ಸುಮ್ಮನಿರಲಿಲ್ಲ. ಅಮರಕೋಶದಲ್ಲಿ ‘ವಾರ್ಧಕ’ ಎಂದರೆ ಮುಪ್ಪೂ ಹೌದು, ಮುದುಕರ ಗುಂಪೂ ಹೌದೆಂದು ಹೇಳಿದೆ. ನಿಘಂಟಿನ ಪದ ಸಲ್ಲದೆಂದು ನನ್ನನ್ನು ತಳ್ಳಿಹಾಕಿದರು. ಇರಲಿ, ಮುಪ್ಪು ಒಬ್ಬಂಟಿಯಾಗಿ ಬರಬಾರದು, ಗುಂಪಿನಲ್ಲಿ ಬರಬೇಕೆಂದು ಆ ಹಳೆಯ ಪದ ಬಲ್ಲದೆಂದು ನನಗೆ ತೋರುತ್ತದೆ.

ಹೈದರಾಬಾದಿನ ಕಡೆಯ ಬೆಳಗಿನ ಗಾಡಿಯ ನಿತ್ಯಪ್ರಯಾಣಿಕರಿಗೆ ಸಿಕ್ಕ ಹೆಸರು ‘ಜರುಗು’. ಮೂವರ ಸೀಟಿಗೆ ನಾಲ್ಕನೆಯವನು ಬಂದು ಹೇಳುವ ಮಾತು. ಇದಕ್ಕೆ ಮನೆಯಲ್ಲಿ ಮೊದಲ ಬಹುಮಾನ ಬಂತು, ಏಕೆಂದರೆ ಜರುಗು ಕನ್ನಡವೂ ಹೌದು, ತೆಲುಗೂ ಹೌದು. ಗಡಿಯ ಎರಡೂ ಕಡೆ ಚಲಾವಣೆಯಾಗುವ ನಾಣ್ಯ.

ಮದುವೆಮನೆಯೇ ಈ ಆಟದ ಗಣಿ. ಅಡಿಗೆಯ ಕಡೆ ನಿಂತು ಉಪ್ಪು ಹೆಚ್ಚೋ ಕಡಿಮೆಯೋ ಎಂದು ತೀರ್ಪು ಕೊಡುವ ಅತ್ತೆಯಂದಿರು ‘ಒಗ್ಗರಣೆ’. ಸದ್ದೂ ಅವರದೇ, ಪರಿಮಳವೂ ಅವರದೇ, ಸುತ್ತಲಿದ್ದವರಿಗೆ ಕೆಮ್ಮೂ ಅವರಿಂದಲೇ. ಇನ್ನು ಅಳಿಯಂದಿರು. ಪ್ರತಿ ಮನೆಯ ಮದುವೆಯಲ್ಲೂ ಹಿರಿಯ ಅಳಿಯ, ನಡುವಿನ ಅಳಿಯ, ಹೊಸ ಅಳಿಯ ಎಂದು ನಾಲ್ಕೈದು ಜನ ಒಂದೇ ಸಾಲಿನಲ್ಲಿ, ಕಾಲ ಮೇಲೆ ಕಾಲು ಹಾಕಿ, ಯಾರಾದರೂ ಬಂದು ‘ಏಳ್ರಿ, ಊಟಕ್ಕ’ ಎನ್ನುವವರೆಗೆ ಹಸಿದೇ ಕುಳಿತಿರುತ್ತಾರೆ. ಕರೆದವರು ಒಂದೇ ಸಲ ಕರೆದರೆ ಏಳುವುದಿಲ್ಲ. ಹಿರಿಯ ಅಳಿಯನನ್ನು ಬಿಟ್ಟು ಕಿರಿಯನನ್ನು ಮೊದಲು ಕರೆದರಂತೂ ಆ ಮನೆಯ ಮೂರು ತಲೆಮಾರಿಗೆ ಸಾಕಾಗುವಷ್ಟು ಮಾತು. ಇವರಿಗೆ ಮಕ್ಕಳು ಕೊಟ್ಟ ಹೆಸರು ‘ಬಿಗುಮಾನ’. ಒಂದು ಬಿಗುಮಾನ ಅಳಿಯಂದಿರು. ಮೂರನೆಯ ನಿಯಮದಂತೆ ಕಳೆದ ವರ್ಷ ಒಂದು ಮದುವೆಯಲ್ಲಿ ಇದನ್ನು ಅವರ ಮುಂದೆಯೇ ಹೇಳಲಾಯಿತು. ಹಿರಿಯ ಅಳಿಯ ಒಂದು ಗಳಿಗೆ ಮುಖ ಬಿಗಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಕರೆಯದೆಯೇ ಎದ್ದು ಊಟಕ್ಕೂ ಬಂದರು.

ಎಲ್ಲ ಹೆಸರುಗಳೂ ಹೀಗೆ ಸುಖವಾಗಿ ದಡ ಸೇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ನಡೆದ ವಧೂವರರ ಸಮಾವೇಶಕ್ಕೆ ನನ್ನ ತಮ್ಮನ ಮಗನ ಜೊತೆ ಹೋಗಿದ್ದೆ. ಆಗ ಅವನಿಗೆ ಮೂವತ್ತಾರು. ಧಾರೂರಿನ ನಮ್ಮ ಕಿರಾಣಿ ಅಂಗಡಿಯನ್ನು ಅವನೇ ನೋಡಿಕೊಳ್ಳುತ್ತಾನೆ. ವಿಚಾರಣೆಗೆ ಬಂದವರು ಕೇಳುವ ಪ್ರಶ್ನೆಗಳು ಎರಡೇ. ‘ಊರು ಯಾವುದು?’ ‘ಧಾರೂರು.’ ‘ಕೆಲಸ?’ ‘ಅಂಗಡಿ.’ ಅಲ್ಲಿಗೆ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಮುಂದಿನ ಸಾಲುಗಳು ಬರಿದಾಗಿ, ಹಳ್ಳಿಯ ಅಂಗಡಿಯ ಹುಡುಗರು, ಒಕ್ಕಲುತನದ ಹುಡುಗರು ಹಿಂದೆ ಉಳಿದರು. ಮೈಕು ಹಿಡಿದಿದ್ದ ಒಬ್ಬ ಮಹಾಶಯರು ವಾತಾವರಣ ಹಗುರ ಮಾಡಲೆಂದು, ‘ಹಿಂದ ಕುಂತಿರೋ ಬಾಕಿ ವರಗಳು ಸ್ವಲ್ಪ ಮುಂದ ಬರ್ರಿ’ ಎಂದರು. ಸಭೆ ನಕ್ಕಿತು. ಹಿಂದಿನ ಸಾಲಿನವರು ಮುಂದೆ ಬಂದರು.

ಇಂಥ ಮಾತು ಬಂದಾಗ ಹೆಣ್ಣುಮಕ್ಕಳನ್ನು ದೂರುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಹದಿನಾರು, ಹದಿನೆಂಟು ವರ್ಷ ಓದಿದ ಹುಡುಗಿ ತನ್ನ ಓದಿಗೆ ಕೆಲಸ ಸಿಗುವ ಊರನ್ನು ಕೇಳಿದರೆ ತಪ್ಪೇನು? ನಮ್ಮ ಮೊಮ್ಮಗಳು ನಾಳೆ ಹಾಗೆಯೇ ಕೇಳುತ್ತಾಳೆ, ಕೇಳಲಿ. ಆದರೆ ಇತ್ತ ಹಳ್ಳಿ ಬಿಡದೆ ಮನೆಯ ಹಿರಿಯರನ್ನು ನೋಡಿಕೊಂಡು ಉಳಿದ ಹುಡುಗನದೂ ತಪ್ಪಲ್ಲ. ತಪ್ಪಿಲ್ಲದವರ ಗುಂಪಿಗೆ ಹೆಸರಿಡುವುದು ಬಹಳ ಕಷ್ಟ.

ಇದು ನಮ್ಮ ಸಮಾಜದೊಂದರ ಕಥೆಯೂ ಅಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕಡೆಯ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡು ಹೋದರು. ವಧು ಸಿಗಲೆಂದು ಹರಕೆ. ಆ ನಡಿಗೆಯ ಹೆಸರು ‘ಬ್ರಹ್ಮಚಾರಿಗಳ ಪಾದಯಾತ್ರೆ’. ಪತ್ರಿಕೆಗಳಲ್ಲಿ ಓದಿದವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಹೊರಗಿನವರು ಯಾರಾದರೂ ಆ ಹೆಸರು ಹಚ್ಚಿದ್ದರೆ ಅಪಹಾಸ್ಯವಾಗುತ್ತಿತ್ತು. ಅದನ್ನೇ ಹೊತ್ತು ಬಿಸಿಲಿನಲ್ಲಿ ನಡೆದವರ ಬಾಯಲ್ಲಿ ಅದು ಅರ್ಜಿಯಾಯಿತು.

ಸಮಾವೇಶದಿಂದ ತಿರುಗಿ ಬರುವಾಗ ಗಾಡಿಯಲ್ಲಿ ನಮ್ಮ ಹುಡುಗ ಬಹಳ ಹೊತ್ತು ಕಿಟಕಿಯ ಹೊರಗೇ ನೋಡುತ್ತಿದ್ದ. ತಾಂಡೂರು ಬಂತು. ಹಳಿಯ ಪಕ್ಕ ನೀಲಿ ಕಲ್ಲಿನ ಪರಸಿಗಳು ಓರಣವಾಗಿ ಒರಗಿ ನಿಂತಿದ್ದವು. ಅವನು ತಾನಾಗಿ ಬಾಯಿ ತೆರೆದ: ‘ದೊಡ್ಡಪ್ಪಾ, ಅವರು ಬಾಕಿ ಅಂದ್ರಲ್ಲ, ಅವರಿಗೆ ಲೆಕ್ಕ ಬರಂಗಿಲ್ಲ. ಬಾಕಿ ಅಂದ್ರ ಬರಬೇಕಾದ್ದು. ಹೋದದ್ದಲ್ಲ.’

ಅಂಗಡಿಯ ಖಾತೆಯನ್ನು ಹದಿನೈದು ವರ್ಷ ಬರೆದವನ ಮಾತು. ನಾನು ಏನೂ ಹೇಳಲಿಲ್ಲ, ಹೇಳುವಂಥದ್ದು ಉಳಿದಿರಲಿಲ್ಲ. ಮನೆಗೆ ಬಂದ ಮೇಲೆ ಅವನೇ ಆಟಕ್ಕೆ ಒಂದು ಪದ ಸೇರಿಸಿದ. ವರ ಏನು ಓದಿದ್ದಾನೆ, ಎಂಥವನು ಎಂದು ಕೇಳುವ ಮೊದಲೇ ‘ಪ್ಯಾಕೇಜ್ ಎಷ್ಟು?’ ಎಂದು ಕೇಳುವ ಹಿರಿಯರಿಗೆ ‘ಪ್ಯಾಕೇಜು’. ಒಂದು ಪ್ಯಾಕೇಜು ಮಾವಂದಿರು. ಎಲ್ಲರೂ ನಕ್ಕರು. ನನ್ನ ಮನೆಯವರು ಮಾತ್ರ ತಮ್ಮ ನಿಯಮವನ್ನು ನೆನಪಿಸಿ, ‘ಅವರ ಮುಂದ ಹೇಳ್ತಿಯೇನು? ನಾಳೆ ನಿನಗ ಮಾವ ಆಗೋರು ಅವರಾಗ ಒಬ್ಬರು ಇರಬಹುದು’ ಎಂದರು. ಹುಡುಗ ಸ್ವಲ್ಪ ಯೋಚಿಸಿ, ‘ಆದ ಮ್ಯಾಲ ಹ್ಯಾಂಗೂ ನಾನು ಬಿಗುಮಾನದಾಗ ಬರ್ತೀನಲ್ಲ ದೊಡ್ಡವ್ವಾ, ಆವಾಗ ಹೇಳ್ತೀನಿ’ ಎಂದ. ಪದ ಇನ್ನೂ ಕಾಯ್ದಿರಿಸಿದ ಪಟ್ಟಿಯಲ್ಲಿದೆ.

ನಮ್ಮ ಮನೆಯ ಮೊಮ್ಮಕ್ಕಳಿಗೇ ಒಂದು ಹೆಸರು ಬೇಕೆಂದು ಈ ಬೇಸಿಗೆಯಲ್ಲಿ ಚರ್ಚೆ ಎದ್ದಿತು. ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಶಾಲೆಯಲ್ಲಿ ತೆಲುಗು ಬರೆಯುತ್ತಾರೆ. ತೆಲಂಗಾಣದಲ್ಲಿ 2018ರ ಕಾಯ್ದೆಯಿಂದ ಅದು ಕಡ್ಡಾಯ. ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ. ಬೀದಿಯಲ್ಲಿ ಆಡುವಾಗ ದಖ್ಖನಿ. ಕನ್ನಡದ ಅಕ್ಷರ ಓದಬಲ್ಲವರು ಐವರಲ್ಲಿ ಇಬ್ಬರೇ. ಈ ಪತ್ರಿಕೆ ಬಂದರೆ ಆ ಇಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಇಂಥ ಮಕ್ಕಳ ಗುಂಪಿಗೆ ಏನೆನ್ನುವುದು? ‘ಕಲಸನ್ನ’ ಎಂದ ಒಬ್ಬ. ‘ಕಲಸನ್ನ ರಾತ್ರಿ ಉಳಿದದ್ದರಲ್ಲಿ ಮಾಡೋದು, ನಮ್ಮ ಮನ್ಯಾಗ ರಾತ್ರಿ ಉಳಿದದ್ದು ಬಳಸಂಗಿಲ್ಲ’ ಎಂದು ದೊಡ್ಡವಳು ತಳ್ಳಿಹಾಕಿದಳು. ಕಡೆಗೆ ಚಿಕ್ಕವನು ಹೇಳಿದ: ‘ಜಂಕ್ಷನ್. ವಿಕಾರಾಬಾದ್ ಜಂಕ್ಷನ್ ಇದ್ದಂಗ. ಬೀದರ ಗಾಡಿ, ವಾಡಿ ಗಾಡಿ, ಹೈದರಾಬಾದ್ ಗಾಡಿ, ಎಲ್ಲಾ ಬಂದು ನಿಲ್ಲತಾವ.’

ಒಂದು ಜಂಕ್ಷನ್ ಮಕ್ಕಳು. ಎಲ್ಲರಿಗೂ ಹಿಡಿಸಿತು. ಬತ್ತಿ ಹೊಸೆಯುತ್ತ ಕುಳಿತಿದ್ದ ನನ್ನ ಮನೆಯವರು ಮಾತ್ರ ತಲೆ ಎತ್ತದೆ, ‘ಗಾಡಿ ನಿಲ್ಲತಾವ ಖರೆ. ಇಳಿಯೋರು ಯಾರು?’ ಎಂದು ಕೇಳಿದರು.

ಚಿಕ್ಕವನು ಇನ್ನೂ ಯೋಚಿಸುತ್ತಿದ್ದಾನೆ.